ರಾಗದ ಹೆಸರಿಗೊಂದು ಜಾಗ

ನಮ್ಮ ಮನೆಯಲ್ಲಿ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಶುಕ್ಲ ಬಿಲಾವಲ್ ರಾಗ ಹಲವು ಕಡೆ ಇತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಅವರದೇ ಹೆಸರಿನ ಫೋಲ್ಡರಿನೊಳಗೆ, ಪಡಸಾಲೆಯ ಹಳೆಯ ಕಂಪ್ಯೂಟರಿನಲ್ಲಿ ‘ಟ್ರ್ಯಾಕ್ 01’ ಎಂದು, ಮಗಳ ಕಂಪ್ಯೂಟರಿನಲ್ಲಿ ‘ಅಜ್ಜಿಯ ಹಾಡುಗಳು’ ಎಂಬ ರಾಶಿಯಲ್ಲಿ, ಹುಬ್ಬಳ್ಳಿಯಲ್ಲಿರುವ ತಮ್ಮನ ಹಾರ್ಡ್ ಡಿಸ್ಕಿನಲ್ಲಿ ಹೆಸರೇ ಇಲ್ಲದೆ. ಎಲ್ಲವೂ ಒಂದೇ ಸಿ.ಡಿ.ಯಿಂದ ಹೊರಟ ನಕಲುಗಳು. ಆದರೂ ಬೆಳಿಗ್ಗೆ ಪೂಜೆ ಮುಗಿಸಿ ಬಂದ ಅವ್ವ ‘ಮನ್ಸೂರರನ್ನು ಹಚ್ಚು’ ಎಂದರೆ ನಾನು ಮನೆಯಲ್ಲಿದ್ದಾಗ ಮಾತ್ರ ಅದು ಸಿಗುತ್ತಿತ್ತು. ಸಂಗೀತ ಮನೆಯಲ್ಲೇ ಇದ್ದೂ ಕೇಳಬೇಕಾದವರ ಕೈಗೆ ಎಟುಕದಿದ್ದರೆ ಅದನ್ನು ಸಂಗ್ರಹ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಮನೆಯ ಎಲ್ಲ ಕಂಪ್ಯೂಟರುಗಳಿಗೂ ಸೇರಿ ಒಂದೇ ಸಂಗೀತ ಸಂಗ್ರಹ ಇರಲಿ ಎಂದು ಹೊರಟವರು ಮೊದಲು ವಿಚಾರಿಸುವುದು ಯಾವ ಡಿಸ್ಕ್ ಕೊಳ್ಳಬೇಕು, ಯಾವ ತಂತ್ರಾಂಶ ಹಾಕಬೇಕು ಎಂಬುದನ್ನು. ಅದನ್ನೂ ಮುಂದೆ ಹೇಳುತ್ತೇನೆ. ಆದರೆ ಅದು ಒಂದು ರವಿವಾರ ಕುಳಿತರೆ ಮುಗಿಯುವ ಕೆಲಸ. ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಚರ್ಚೆಯಾದದ್ದು, ಈಗಲೂ ಆಗುತ್ತಿರುವುದು, ಬೇರೆ ವಿಷಯದ ಮೇಲೆ. ಒಂದೇ ಗಾಯನವನ್ನು ಅವ್ವ ಹೊತ್ತಿನಿಂದ ಹುಡುಕುತ್ತಾಳೆ, ಕಾಕಾ ರಾಗದಿಂದ ಹುಡುಕುತ್ತಾನೆ, ತಮ್ಮ ಹಾಡಿದವರ ಹೆಸರಿನಿಂದ ಹುಡುಕುತ್ತಾನೆ, ಮಗಳಿಗೆ ಕವಿಯ ಹೆಸರು ಮಾತ್ರ ನೆನಪಿರುತ್ತದೆ. ಇವರೆಲ್ಲರಿಗೂ ಸಲ್ಲುವ ಹಾಗೆ ಅದನ್ನು ಎಲ್ಲಿಡಬೇಕು, ಏನೆಂದು ಕರೆಯಬೇಕು? ಹಂಚಿಕೊಳ್ಳುವುದು ಎಂದರೆ ನನ್ನ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಕೊಡುವುದು.

ಪ್ರಶ್ನೆ ಇಷ್ಟು ಬಿಗಿಯಾಗಲು ಊರೂ ಒಂದು ಕಾರಣ. ಮನ್ಸೂರ ಗ್ರಾಮ ನಮ್ಮ ಧಾರವಾಡದ ಪಕ್ಕದಲ್ಲೇ ಇದೆ. ಗಂಗೂಬಾಯಿ ಹಾನಗಲ್ 2009ರಲ್ಲಿ ತೀರಿಕೊಳ್ಳುವವರೆಗೂ ಹುಬ್ಬಳ್ಳಿಯವರಾಗಿಯೇ ಇದ್ದರು. ಅವರ ಮತ್ತು ಭೀಮಸೇನ ಜೋಶಿಯವರ ಗುರು ಸವಾಯಿ ಗಂಧರ್ವರದು ಕುಂದಗೋಳ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸ್ವರ ಕಲಿಸಿ ಬದುಕು ಕೊಟ್ಟರು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಈ ಸಂಗೀತ ಬೈಠಕ್ಕಿಗೆ ಹೋಗಲಾಗದವರ ಅಡುಗೆಮನೆಗೂ ಬಂದು ತಲುಪಿತು. ಹಾಗಾಗಿ ಇಲ್ಲಿನ ಅನೇಕ ಮನೆಗಳಲ್ಲಿ ಅಂಗಡಿಯಿಂದ ತಂದ ಸಿ.ಡಿ.ಗಳ ಜೊತೆಗೆ ರೇಡಿಯೋದಿಂದ ಹಿಡಿದಿಟ್ಟ ಕ್ಯಾಸೆಟ್ಟುಗಳೂ ಇವೆ. ನಮ್ಮ ಮನೆಯಲ್ಲಿ ಅವು ಕಾಕಾನ ಟ್ರಂಕಿನಲ್ಲಿದ್ದವು.

ಕಾಕಾ ಶಾಲೆಯ ಮಾಸ್ತರನಾಗಿದ್ದವನು. ಮಾಳಮಡ್ಡಿಯ ಈ ಮನೆಯಲ್ಲೇ ರೇಡಿಯೋದ ಮುಂದೆ ಕುಳಿತು, 765 ಕಿಲೋಹರ್ಟ್ಸ್‌ಗೆ ಮುಳ್ಳು ತಿರುಗಿಸಿ, ಬೆರಳನ್ನು ರೆಕಾರ್ಡ್ ಗುಂಡಿಯ ಮೇಲಿಟ್ಟುಕೊಂಡು ಕಾಯುತ್ತಿದ್ದ. 1952ರಿಂದ ಬರುತ್ತಿದ್ದ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಅವನ ಶನಿವಾರದ ರಾತ್ರಿಗಳನ್ನು ತೆಗೆದುಕೊಂಡಿತ್ತು. ಪ್ರತಿ ಕ್ಯಾಸೆಟ್ಟಿನ ಒಳಗಿನ ಚೀಟಿಯಲ್ಲಿ ನೀಲಿ ಶಾಯಿಯಲ್ಲಿ ದುಂಡನೆಯ ಅಕ್ಷರ. ಮೊದಲು ರಾಗ, ಅದರ ಕೆಳಗೆ ಹಾಡಿದವರು, ತಬಲಾ ಯಾರದು, ಪೇಟಿ, ಅಂದರೆ ಹಾರ್ಮೋನಿಯಂ, ಯಾರದು, ತಾರೀಖು. ಕೊನೆಗೆ ಒಂದೊಂದರಲ್ಲಿ ‘ನಡುವೆ ಗುಡುಗು’ ಎಂದೋ, ‘ಕರೆಂಟ್ ಹೋಯಿತು, ಮುಕ್ತಾಯ ಇಲ್ಲ’ ಎಂದೋ ಒಂದು ಸಾಲು. ಸಂಗ್ರಹವನ್ನು ಹೇಗೆ ಬರೆದಿಡಬೇಕು ಎಂಬುದಕ್ಕೆ ಈ ಚೀಟಿಗಳಿಗಿಂತ ಒಳ್ಳೆಯ ಮಾದರಿಯನ್ನು ನಾನು ಯಾವ ತಂತ್ರಾಂಶದಲ್ಲೂ ಕಂಡಿಲ್ಲ.

ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ತರುವ ಕೆಲಸದಲ್ಲಿ ಎರಡು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಮೊದಲನೆಯದು, ಉದ್ಘೋಷಕರ ಮಾತನ್ನು ಕತ್ತರಿಸಬಾರದು. ಅನೇಕರು ಸ್ವರ ಹೊರಡುವ ಕ್ಷಣದಿಂದ ಮಾತ್ರ ಇಟ್ಟುಕೊಂಡು ಹಿಂದಿನದನ್ನು ತೆಗೆದುಬಿಡುತ್ತಾರೆ. ಆದರೆ ರಾಗ, ತಾಳ, ಸಾಥಿದಾರರ ಹೆಸರುಗಳನ್ನು ಖಚಿತವಾಗಿ ಹೇಳುವ ಏಕೈಕ ದಾಖಲೆ ಆ ಅರ್ಧ ನಿಮಿಷ. ಚೀಟಿ ಕಳೆದುಹೋದರೂ ಅದು ಧ್ವನಿಯ ಜೊತೆಗೇ ಉಳಿಯುತ್ತದೆ. ಮಾತಿಲ್ಲದ ಮುದ್ರಣಗಳಿಗೆ ಬೇರೆ ಗುರುತುಗಳನ್ನು ಹುಡುಕಬೇಕಾಗುತ್ತದೆ. ಉದಾಹರಣೆಗೆ, 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಹಳೆಯ ಮುದ್ರಣದ ಮರುಪ್ರಸಾರ ಎಂದು ಊಹಿಸಿದ್ದರಲ್ಲಿ ಪೇಟಿ ಕೇಳಿಸಿದರೆ ಅದು ಆ ಅವಧಿಯ ಆಕಾಶವಾಣಿ ಸ್ಟುಡಿಯೋದ್ದಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. ಸಾರಂಗಿ ಕೇಳಿಸಿದರೆ ಏನನ್ನೂ ಹೇಳಲಾಗದು, ಏಕೆಂದರೆ ಸಾರಂಗಿ ಮುಂದೆಯೂ ಇತ್ತು.

ಎರಡನೆಯದು ಶ್ರುತಿ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಸಾಗಬೇಕು. ರಬ್ಬರ್ ಬೆಲ್ಟ್ ಸಡಿಲಾದ ಯಂತ್ರ ನಿಧಾನವಾಗಿ ಓಡುತ್ತ ಮುದ್ರಿಸಿಕೊಂಡಿದ್ದರೆ, ಇಂದು ಸರಿಯಾದ ವೇಗದ ಯಂತ್ರದಲ್ಲಿ ಅದು ಅವಸರವಾಗಿ, ಏರಿದ ಶ್ರುತಿಯಲ್ಲಿ ಕೇಳಿಸುತ್ತದೆ. ವೇಗ ಸುಮಾರು ಶೇ 6ರಷ್ಟು ಹೆಚ್ಚಾದರೆ ಇಡೀ ಗಾಯನ ಅರ್ಧ ಸ್ವರ ಮೇಲೇರುತ್ತದೆ. ಗಂಗೂಬಾಯಿಯವರ ಆ ಗಂಭೀರ ಧ್ವನಿ ಅರ್ಧ ಸ್ವರ ಮೇಲಕ್ಕೆ ಹೋದರೆ ಅದು ಅವರದಾಗಿ ಉಳಿಯುವುದಿಲ್ಲ. ಇದನ್ನು ತಿದ್ದಲು ನನಗೆ ನೆರವಾದದ್ದು ವಿದ್ಯುತ್ತಿನ ಗುಂಯ್ ಶಬ್ದ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಹಳೆಯ ರೆಕಾರ್ಡರುಗಳು ಅದರ ಗುಂಜನವನ್ನು ಸಂಗೀತದ ಕೆಳಗೆ ತೆಳುವಾಗಿ ಬರೆದುಬಿಡುತ್ತಿದ್ದವು. ಒಡಾಸಿಟಿಯಂಥ ತಂತ್ರಾಂಶದಲ್ಲಿ ಹಾಡು ಶುರುವಾಗುವ ಮುಂಚಿನ ನಿಶ್ಶಬ್ದವನ್ನು ಆರಿಸಿ ಅದರ ವರ್ಣಪಟಲ, ಅಂದರೆ ಯಾವ ಕಂಪನ ಎಷ್ಟಿದೆ ಎಂದು ತೋರಿಸುವ ಚಿತ್ರ, ನೋಡಿದರೆ ಎರಡು ಗೆರೆಗಳು ಎದ್ದಿರುತ್ತವೆ. 50ರಲ್ಲಿ ಒಂದು, ಅದು ಈಗ ನುಡಿಸುತ್ತಿರುವ ಯಂತ್ರದ್ದು. 52ರಲ್ಲೋ 53ರಲ್ಲೋ ಇನ್ನೊಂದು, ಅದು ಅಂದಿನದು. ಎರಡನೆಯ ಗೆರೆ 50ಕ್ಕೆ ಬರುವಷ್ಟು ವೇಗ ಇಳಿಸಿದರೆ ಶ್ರುತಿ ತನ್ನ ಜಾಗಕ್ಕೆ ಬಹಳ ಹತ್ತಿರ ಬರುತ್ತದೆ. ಆ ಕಾಲದಲ್ಲಿ ವಿದ್ಯುತ್ತು 50ಕ್ಕಿಂತ ಕೆಳಗೆ ಇಳಿಯುವುದು ಸಾಮಾನ್ಯವಾಗಿದ್ದರಿಂದ ಇದನ್ನು ಕಡೆಯ ಮಾತೆಂದು ಒಪ್ಪಬೇಕಾಗಿಲ್ಲ. ಕೊನೆಯ ತೀರ್ಪನ್ನು ಕಾಕಾ ಪೇಟಿಯ ಮುಂದೆ ಕುಳಿತು, ತಂಬೂರಿಯ ಷಡ್ಜ ಪೇಟಿಯ ಯಾವ ಪಟ್ಟಿಗೆ (ಸ್ವರದ ಮನೆಗೆ) ಹೊಂದುತ್ತದೆ, ಆ ಗಾಯಕರು ಸಾಮಾನ್ಯವಾಗಿ ಯಾವ ಪಟ್ಟಿಯಲ್ಲಿ ಹಾಡುತ್ತಿದ್ದರು ಎಂದು ನೋಡಿ ಕೊಡುತ್ತಾನೆ.

ಗುಣಮಟ್ಟದ ವಿಷಯದಲ್ಲಿ ಅತಿಯಾಸೆ ಬೇಡ. ಮೀಡಿಯಂ ವೇವ್ ರೇಡಿಯೋದಲ್ಲಿ ಬಂದದ್ದಕ್ಕೆ ಎತ್ತರದ ಕಂಪನಗಳು ಮೊದಲೇ ಇರುವುದಿಲ್ಲ. ಅದನ್ನು 96 ಕಿಲೋಹರ್ಟ್ಸ್‌ನಲ್ಲಿ ಉಳಿಸಿದರೆ ತುಂಬುವುದು ಡಿಸ್ಕು ಮಾತ್ರ. ಸಿ.ಡಿ.ಯ ಅಳತೆ, ಅಂದರೆ 44.1 ಕಿಲೋಹರ್ಟ್ಸ್ ಮತ್ತು 16 ಬಿಟ್, ಧಾರಾಳವಾಗಿ ಸಾಕು. ಆದರೆ ಉಳಿಸುವ ಬಗೆ ಮಾತ್ರ ಎಂಪಿ3 ಆಗದೆ ಫ್ಲಾಕ್ ಆಗಿರಬೇಕು ಎಂಬುದು ನನ್ನ ಪಟ್ಟು. ಎಂಪಿ3 ಕಿವಿಗೆ ಕೇಳಿಸದು ಎಂದು ತಾನೇ ತೀರ್ಮಾನಿಸಿ ಒಂದಷ್ಟನ್ನು ಎಸೆಯುತ್ತದೆ. 2001ರಲ್ಲಿ ಬಂದ ಫ್ಲಾಕ್ ಏನನ್ನೂ ಎಸೆಯದೆ ಅಡಕಗೊಳಿಸುತ್ತದೆ. ಸಿ.ಡಿ.ಯ ಧ್ವನಿ ನಿಮಿಷಕ್ಕೆ ಸುಮಾರು 10 ಎಂಬಿ. ಫ್ಲಾಕ್‌ನಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆ ಲೆಕ್ಕದಲ್ಲಿ ಒಂದು ಟಿಬಿಯ ಡಿಸ್ಕಿನಲ್ಲಿ 3,000 ಗಂಟೆಗಳ ಸಂಗೀತ ಕೂರುತ್ತದೆ. ಒಂದು ಮನೆಗೆ ಇದು ಕಡಿಮೆಯಲ್ಲ.

ಇನ್ನು ಹಂಚುವ ವ್ಯವಸ್ಥೆ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಎಲ್ಲ ಕಂಪ್ಯೂಟರುಗಳಿಗೂ ನಕಲು ಮಾಡಿಕೊಡುವ ಪದ್ಧತಿಯನ್ನು ಬಿಟ್ಟು ಒಂದೇ ಕಡೆ ಇಟ್ಟು ಎಲ್ಲರೂ ಅಲ್ಲಿಂದ ಕೇಳುವ ಪದ್ಧತಿಗೆ ಬಂದೆವು. ಪಡಸಾಲೆಯ ಕಪಾಟಿನಲ್ಲಿ ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರ್, ಅದಕ್ಕೆ ಅಂಟಿಕೊಂಡ ಒಂದು ಡಿಸ್ಕು. ಪುಟ್ಟ ಕಂಪ್ಯೂಟರ್ ತಿನ್ನುವುದು ಕೆಲವೇ ವಾಟ್ ವಿದ್ಯುತ್ತು, ಆದ್ದರಿಂದ ಹಗಲೂ ರಾತ್ರಿ ಇನ್ವರ್ಟರಿನ ಮೇಲೆಯೇ ಇರುತ್ತದೆ. ಅದರಲ್ಲಿ ನ್ಯಾವಿಡ್ರೋಮ್ ಎಂಬ ಉಚಿತ, ಮುಕ್ತ ತಂತ್ರಾಂಶ ಓಡುತ್ತಿದೆ. ಕಂಪ್ಯೂಟರಿನ ಬ್ರೌಸರಿನಲ್ಲಿ ಅದರ ವಿಳಾಸ ತೆರೆದರೆ ಇಡೀ ಸಂಗ್ರಹ ಎದುರಿಗೆ ಬರುತ್ತದೆ. ಮೊಬೈಲಿಗೂ ಅದಕ್ಕೆ ಹೊಂದುವ ಆ್ಯಪ್‌ಗಳಿವೆ. ಇದಕ್ಕೆಲ್ಲ ಇಂಟರ್‌ನೆಟ್ ಬೇಕೇ ಎಂದು ಹಲವರು ಕೇಳುತ್ತಾರೆ. ಬೇಡ. ಮನೆಯ ವೈಫೈ ಪೆಟ್ಟಿಗೆಯೊಂದು ಚಾಲೂ ಇದ್ದರೆ ಸಾಕು, ಹೊರಗಿನ ತಂತಿ ಕಡಿದುಹೋದರೂ ಸಂಗೀತ ಒಳಗೊಳಗೇ ಓಡಾಡುತ್ತದೆ. ಫ್ಲಾಕ್ ಗಾಯನವೊಂದಕ್ಕೆ ಸೆಕೆಂಡಿಗೆ ಒಂದು ಮೆಗಾಬಿಟ್‌ಗೂ ಕಡಿಮೆ ಸಾಕಾಗುವುದರಿಂದ ಹಳೆಯ ವೈಫೈ ಕೂಡ ನಾಲ್ಕು ಕೋಣೆಗಳಿಗೆ ನಾಲ್ಕು ರಾಗಗಳನ್ನು ನಿರಾಯಾಸವಾಗಿ ಒಯ್ಯುತ್ತದೆ.

ಇಲ್ಲಿ ಒಂದು ನಿಯಮ ಇಟ್ಟುಕೊಂಡಿದ್ದೇವೆ. ಕೇಳುವ ಹಕ್ಕು ಎಲ್ಲರಿಗೂ, ಬರೆಯುವ ಹಕ್ಕು ಒಬ್ಬರಿಗೆ. ನ್ಯಾವಿಡ್ರೋಮ್ ತಾನಾಗಿ ಯಾವ ಫೈಲನ್ನೂ ಮುಟ್ಟುವುದಿಲ್ಲ, ಓದುತ್ತದೆ ಅಷ್ಟೆ. ಡಿಸ್ಕಿನ ಫೋಲ್ಡರನ್ನು ಉಳಿದ ಕಂಪ್ಯೂಟರುಗಳಿಗೆ ಸಾಂಬಾ ಎಂಬ ತಂತ್ರಾಂಶದ ಮೂಲಕ ತೆರೆದಿಡುವಾಗಲೂ ಓದಲು ಮಾತ್ರ ಎಂದು ಗೊತ್ತುಮಾಡಿದ್ದೇನೆ. ಹೊಸದನ್ನು ಸೇರಿಸಬೇಕೆಂದವರಿಗೆ ‘ಬಂದದ್ದು’ ಎಂಬ ಬೇರೆ ಫೋಲ್ಡರ್ ಇದೆ. ಅಲ್ಲಿ ಯಾರು ಏನನ್ನಾದರೂ ಹಾಕಬಹುದು. ಹೆಸರು, ರಾಗ ಎಲ್ಲ ಬರೆದು ಒಳಗೆ ಸೇರಿಸುವುದು ನನ್ನ ಪಾಲಿನ ಕೆಲಸ. ಮನೆಯವರ ಮೇಲೆ ನಂಬಿಕೆಯಿಲ್ಲ ಎಂದು ಇದರ ಅರ್ಥ ಅಲ್ಲವೇ ಅಲ್ಲ. ಹಾಡು ಕೇಳುವ ತಂತ್ರಾಂಶಗಳಲ್ಲಿ ಕೆಲವು ಕೇಳದೆಯೇ ಟ್ಯಾಗುಗಳನ್ನು, ಅಂದರೆ ಫೈಲಿನೊಳಗೆ ಬರೆದ ಹೆಸರುಗಳನ್ನು, ‘ತಿದ್ದಿ’ಬಿಡುತ್ತವೆ. ಒಬ್ಬರ ಕಂಪ್ಯೂಟರಿನಲ್ಲಿ ಆದ ಆ ತಿದ್ದುಪಡಿ ಎಲ್ಲರ ಸಂಗ್ರಹವನ್ನೂ ಕೆಡಿಸುತ್ತದೆ. ವಾಚನಾಲಯದಲ್ಲಿ ಎಲ್ಲರೂ ಓದುತ್ತಾರೆ, ಆದರೆ ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸುವುದು ಗ್ರಂಥಪಾಲಕರೊಬ್ಬರೇ. ಆ ಕಟ್ಟುನಿಟ್ಟು ಮನೆಯಲ್ಲಿಯೂ ಬೇಕು.

ಈಗ ಹೆಸರುಗಳಿಗೆ ಬರುತ್ತೇನೆ.

ಡಿಜಿಟಲ್ ಸಂಗೀತದ ಫೈಲುಗಳೊಳಗೆ ಹೆಸರು ಬರೆಯುವ ಪದ್ಧತಿ 1996ರಲ್ಲಿ ಎಂಪಿ3ಗೆಂದು ಹುಟ್ಟಿತು. ಐಡಿ3 ಎಂದು ಅದರ ಹೆಸರು. ಫೈಲಿನ ತುದಿಗೆ ಕೇವಲ 128 ಬೈಟ್‌ಗಳ ಒಂದು ಪಟ್ಟಿ, ಅದರಲ್ಲಿ ಹಾಡಿಗೆ 30, ಕಲಾವಿದರಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಪ್ರಕಾರಕ್ಕೆ ಒಂದು. ರೋಮನ್ ಲಿಪಿಗೆ ಮಾಡಿದ ಅಳತೆ ಅದು. ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಮಲ್ಲಿಕಾರ್ಜುನ’ ಎಂಬ ಒಂದು ಹೆಸರಿನಲ್ಲಿ ಒತ್ತು, ಗುಣಿತ ಎಲ್ಲ ಸೇರಿ 12 ಸಂಕೇತಗಳಿವೆ, ಅಂದರೆ 36 ಬೈಟ್. 30ರ ಆ ಕೋಣೆಯೊಳಗೆ ತುರುಕಿದರೆ ಉಳಿಯುವುದು ‘ಮಲ್ಲಿಕಾರ್ಜ’. ನಮ್ಮ ಹಳೆಯ ಫೈಲುಗಳಲ್ಲಿ ಈ ಅರ್ಧ ಹೆಸರುಗಳು ಇನ್ನೂ ಅಲ್ಲಲ್ಲಿ ಕಾಣಿಸುತ್ತವೆ. ಮನ್ಸೂರರ ಹೆಸರನ್ನು ಹೀಗೆ ಕಡಿದು ಇಟ್ಟುಕೊಳ್ಳುವುದು ನನಗೆ ಸಹಿಸದ ವಿಷಯ. 1998ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಈ ಉದ್ದದ ಮಿತಿ ಹೋಯಿತು, ಕನ್ನಡವೂ ಸಲೀಸಾಗಿ ಕೂರುತ್ತದೆ. ಹಳೆಯ ಪಟ್ಟಿಯನ್ನು ಅಳಿಸಿ ಹೊಸದನ್ನು ಮಾತ್ರ ಉಳಿಸುವಂತೆ ತಂತ್ರಾಂಶಕ್ಕೆ ಹೇಳಬಹುದು.

ಉದ್ದದ ಮಿತಿ ಹೋದರೂ ಅದರ ಹಿಂದಿನ ಕಲ್ಪನೆ ಹೋಗಲಿಲ್ಲ. ಕಲಾವಿದ, ಆಲ್ಬಮ್, ಹಾಡು ಎಂಬ ಮೂರು ಮೆಟ್ಟಿಲುಗಳ ಮೇಲೆಯೇ ಬಹುತೇಕ ತಂತ್ರಾಂಶಗಳು ಈಗಲೂ ನಿಂತಿವೆ. ಹಿಂದೂಸ್ತಾನಿ ಬೈಠಕ್ಕಿಗೆ ಆಲ್ಬಮ್ ಎಲ್ಲಿಯದು? ರೇಡಿಯೋದಿಂದ ಹಿಡಿದ ಭೀಮಪಲಾಸಕ್ಕೆ ಹಾಡಿನ ಶೀರ್ಷಿಕೆ ಯಾವುದು? ಚೀಜಿನ, ಅಂದರೆ ಹಾಡುವ ಪದ್ಯದ, ಮೊದಲ ಸಾಲೇ, ರಾಗವೇ? ಮನ್ಸೂರರ ಸಂಗ್ರಹದಲ್ಲಿ ರಾಗಕ್ಕೆ ಜಾಗವಿಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಪ್ರಯೋಜನವಿಲ್ಲ. ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರಿಂದ ಜೈಪುರ ಘರಾಣೆಯ, ಅಂದರೆ ಗಾಯನ ಪರಂಪರೆಯ, ಅಪರೂಪದ ರಾಗಗಳನ್ನು ಪಡೆದವರು ಅವರು. ಲಾಚ್ಛಾಸಾಖ್, ಖಟ್, ಶಿವಮತ ಭೈರವ, ಅಡಂಬರಿ ಕೇದಾರ, ಸಂಪೂರ್ಣ ಮಾಲಕೌಂಸ. ಈ ಹೆಸರುಗಳೇ ಅಲ್ಲಿನ ದಾರಿ. ಇವೆಲ್ಲವನ್ನೂ ‘ಕ್ಲಾಸಿಕಲ್’ ಎಂಬ ಒಂದು ಪ್ರಕಾರದ ಕೆಳಗೆ ಗುಡ್ಡೆ ಹಾಕಿದರೆ ಕೇಳುವವನು ಒಳಗೆ ಹೋಗುವುದು ಹೇಗೆ?

ಇದಕ್ಕೆ ಪರಿಹಾರ ಫ್ಲಾಕ್‌ನೊಳಗೇ ಇದೆ. ಅದರ ಟ್ಯಾಗುಗಳಿಗೆ ಗೊತ್ತಾದ ಪಟ್ಟಿಯೆಂಬುದು ಇಲ್ಲ. ನಮಗೆ ಬೇಕಾದ ಹೆಸರಿನ ಕೋಣೆಯನ್ನು ನಾವೇ ಕಟ್ಟಿಕೊಳ್ಳಬಹುದು. ಕಾಕಾನ ಚೀಟಿಯನ್ನು ಎದುರಿಗಿಟ್ಟುಕೊಂಡು ನಾನು ರಾಗ, ತಾಳ, ಚೀಜು, ಹೊತ್ತು, ತಬಲಾ, ಪೇಟಿ ಅಥವಾ ಸಾರಂಗಿ, ಎಲ್ಲಿ ಮುದ್ರಿಸಿದ್ದು ಎಂಬ ಕೋಣೆಗಳನ್ನು ಮಾಡಿದೆ. ಟಿಪ್ಪಣಿಯ ಕೋಣೆಯಲ್ಲಿ ‘ನಡುವೆ ಗುಡುಗು’ ಹಾಗೆಯೇ ಉಳಿಯಿತು. ಕೋಣೆಗಳ ಹೆಸರು ಮಾತ್ರ ರೋಮನ್ ಅಕ್ಷರದಲ್ಲಿರಬೇಕು, ಒಳಗಿನದು ಪೂರ್ತಿ ಕನ್ನಡದಲ್ಲಿರಬಹುದು. ನ್ಯಾವಿಡ್ರೋಮ್‌ನ ಈಗಿನ ಆವೃತ್ತಿಗಳಿಗೆ ಈ ಹೊಸ ಕೋಣೆಗಳನ್ನು ಓದುವಂತೆ ಹೇಳಿಕೊಡಬಹುದು. ಸಿ.ಡಿ.ಗಳ ಮಟ್ಟಿಗೆ ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್ ಎಂಬ ತಂತ್ರಾಂಶ ಧ್ವನಿಯನ್ನೇ ಆಲಿಸಿ ಹೆಸರು ಹುಡುಕಿಕೊಡುತ್ತದೆ. ಕಾಕಾನ ಕ್ಯಾಸೆಟ್ಟುಗಳನ್ನು ಅದು ಗುರುತಿಸಲಾರದು. ಅವಕ್ಕೆ ಕಾಕಾನೇ ಬೇಕು.

ಹೆಸರುಗಳ ಕಾಗುಣಿತ ಇನ್ನೊಂದು ದೊಡ್ಡ ಕೆಲಸ. ಮನ್ಸೂರ, ಮನ್ಸೂರ್, ಮನಸೂರ, ಹಿಂದೆ ಪಂಡಿತ್ ಎಂದು ಸೇರಿದ್ದು, ಸೇರದ್ದು. ತಂತ್ರಾಂಶದ ಕಣ್ಣಿಗೆ ಇವರೆಲ್ಲ ಬೇರೆ ಬೇರೆ ಗಾಯಕರು. ಗಂಗೂಬಾಯಿಯವರ ಆರಂಭದ ಗ್ರಾಮಫೋನ್ ತಟ್ಟೆಗಳ ಮೇಲೆ ಇದ್ದ ಹೆಸರು ಗಾಂಧಾರಿ. ಸವಾಯಿ ಗಂಧರ್ವರು ಕುಂದಗೋಳದ ರಾಮಭಾವು. ಸುಳೇಭಾವಿಯ ಶಿವಪುತ್ರ ಕೋಮಕಾಳಿಮಠ ಲೋಕಕ್ಕೆ ಕುಮಾರ ಗಂಧರ್ವರು. ಇಂಥ ಕಡೆ ಪ್ರಸಿದ್ಧವಾದ ಹೆಸರನ್ನು ಕಲಾವಿದರ ಕೋಣೆಗೆ ಬರೆದು, ತಟ್ಟೆಯ ಮೇಲೆ ಇದ್ದುದನ್ನು ಟಿಪ್ಪಣಿಯಲ್ಲಿ ಉಳಿಸುತ್ತೇವೆ. ಪಂಡಿತ್, ವಿದುಷಿ, ಉಸ್ತಾದ್ ಎಂಬ ಗೌರವಪದಗಳನ್ನು ಟ್ಯಾಗಿನಲ್ಲಿ ಬರೆಯುವುದಿಲ್ಲ ಎಂದು ತೀರ್ಮಾನಿಸಿದಾಗ ಅವ್ವ ಬಹಳ ನೊಂದುಕೊಂಡಳು. ‘ಹಾಗೆ ಬರಿ ಹೆಸರು ಹಿಡಿದು ಕರೆಯುವುದೇ?’ ಎಂದಳು. ತಂತ್ರಾಂಶ ಹಾಡಿದವರ ಹೆಸರನ್ನು ಒಂದು ರೀತಿ ತೋರಿಸಿ ಅಕಾರಾದಿಯಲ್ಲಿ ಇನ್ನೊಂದು ರೀತಿ ಜೋಡಿಸಲು ಪ್ರತ್ಯೇಕ ಕೋಣೆ ಕೊಡುತ್ತದೆ ಎಂದು ಆಮೇಲೆ ಕಂಡುಕೊಂಡೆ. ಈಗ ಪರದೆಯ ಮೇಲೆ ಕಾಣುವುದು ‘ಪಂಡಿತ್ ಮಲ್ಲಿಕಾರ್ಜುನ ಮನ್ಸೂರ’, ಜೋಡಣೆ ಮಾತ್ರ ಮ ಅಕ್ಷರದಲ್ಲಿ. ಅವ್ವನ ಮಾತು ನಡೆಯಿತು, ನನಗೆ ಸಂತೋಷವಾಯಿತು.

ಕನ್ನಡದಲ್ಲಿ ಫೋಲ್ಡರುಗಳಿಗೆ ಹೆಸರಿಡುವವರಿಗೆ ಒಂದು ಎಚ್ಚರಿಕೆ. ಮಗಳು ಬಳಸುವುದು ಹಳೆಯ ಮ್ಯಾಕ್. ಅದರ ಡಿಸ್ಕಿನ ಎಚ್‌ಎಫ್‌ಎಸ್ ಪ್ಲಸ್ ಎಂಬ ವ್ಯವಸ್ಥೆ ಕೆಲವು ಗುಣಿತಗಳನ್ನು ಬಿಡಿಸಿ ಬರೆದಿಡುತ್ತದೆ. ‘ತೋಡಿ’ಯಲ್ಲಿರುವ ಓಕಾರದ ಚಿಹ್ನೆ ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ಒಂದೇ ಸಂಕೇತ. ಮ್ಯಾಕ್‌ನಲ್ಲಿ ಅದು ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ಮೂರು ಸಂಕೇತಗಳಾಗುತ್ತದೆ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ ಒಂದನ್ನು ಇನ್ನೊಂದರ ಮೇಲೆ ನಕಲಿಸಿದರೆ ಪಕ್ಕಪಕ್ಕದಲ್ಲಿ ಎರಡು ‘ತೋಡಿ’ ಫೋಲ್ಡರುಗಳು ನಿಲ್ಲುತ್ತವೆ, ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಈ, ಏ, ಐ, ಒ, ಓ ಗುಣಿತಗಳಿರುವ ಎಲ್ಲ ಹೆಸರಿಗೂ ಇದೇ ಕಥೆ. ಭೀಮಪಲಾಸ, ಭೈರವ, ಕೇದಾರ, ಸೋಹನಿ, ಎಲ್ಲವೂ. ಇದಕ್ಕೆ ಉಪಾಯ, ಮ್ಯಾಕ್‌ನಿಂದ ಬರುವ ಹೆಸರುಗಳನ್ನು ಕೂಡಿಸಿದ ರೂಪಕ್ಕೆ ಪರಿವರ್ತಿಸಿಯೇ ಒಳಗೆ ಬಿಡುವುದು. ನಕಲು ಮಾಡುವ ಆರ್‌ಸಿಂಕ್‌ನಲ್ಲಿ ಅದಕ್ಕೆಂದೇ ಒಂದು ಸೌಲಭ್ಯವಿದೆ. ಫೋಲ್ಡರುಗಳ ಹೆಸರನ್ನೆಲ್ಲ ರೋಮನ್ ಅಕ್ಷರಕ್ಕೆ ಬದಲಿಸಿಬಿಟ್ಟರೆ ತೊಂದರೆಯೇ ಇಲ್ಲವಲ್ಲ ಎಂದು ತಮ್ಮ ಹೇಳಿದ. ನಾನು ಒಪ್ಪಲಿಲ್ಲ. ಕಾಕಾ ಕನ್ನಡದಲ್ಲಿ ಬರೆದಿಟ್ಟದ್ದನ್ನು ಯಂತ್ರದ ಅನುಕೂಲಕ್ಕಾಗಿ ಬೇರೆ ಲಿಪಿಗೆ ದೂಡುವುದು ನ್ಯಾಯವಲ್ಲ.

ಕೋಣೆಗಳು ತುಂಬಿದ ಮೇಲೆ ಮನೆಯ ಕೇಳ್ಮೆಯೇ ಬದಲಾಯಿತು. ಹೊತ್ತಿನ ಕೋಣೆಯ ಆಧಾರದ ಮೇಲೆ ಅವ್ವನ ಮೊಬೈಲಿನಲ್ಲಿ ಪಟ್ಟಿಗಳು ತಾವೇ ತಯಾರಾಗುತ್ತವೆ. ನಸುಕಿಗೆ ಭೈರವ, ಲಲಿತ, ಹೊತ್ತೇರಿದ ಮೇಲೆ ತೋಡಿ, ಬಿಲಾವಲ್ ಪ್ರಕಾರಗಳು, ನಡುಹಗಲಿಗೆ ಸಾರಂಗ, ಇಳಿಹೊತ್ತಿಗೆ ಮುಲತಾನಿ, ಮುಸ್ಸಂಜೆಗೆ ಪೂರಿಯಾ, ಮಾರವಾ, ರಾತ್ರಿಗೆ ಬಾಗೇಶ್ರೀ, ದರಬಾರಿ. ನಾನು ಹೊಸದಾಗಿ ಒಂದು ಮುಲತಾನಿ ಸೇರಿಸಿದರೆ ಅವಳ ಇಳಿಹೊತ್ತಿನ ಪಟ್ಟಿಗೆ ಅದು ಹೇಳದೆಯೇ ಹೋಗಿ ಸೇರುತ್ತದೆ. ಯಾರನ್ನೂ ಕರೆಯದೆ ತನಗೆ ಬೇಕಾದುದನ್ನು ತಾನೇ ಹಚ್ಚಿಕೊಳ್ಳುತ್ತಾಳೆ. ಈ ಒಂದು ಕಾರಣಕ್ಕೇ ಇಷ್ಟು ಶ್ರಮಪಡಬಹುದು ಎಂದು ನನಗನ್ನಿಸುತ್ತದೆ.

ಮಗಳ ಆಸಕ್ತಿ ಭಾವಗೀತೆಗಳದು. ಈ ಊರಿನಲ್ಲಿ ಭಾವಗೀತೆಯನ್ನು ಹಾಡಿದವರ ಹೆಸರಿನಿಂದ ಯಾರೂ ಕೇಳುವುದಿಲ್ಲ. ‘ಬೇಂದ್ರೆಯವರದು ಹಾಕು’ ಎನ್ನುತ್ತಾರೆ. ಹಾಡು ಬರೆದವರಿಗೂ ಟ್ಯಾಗಿನಲ್ಲಿ ಒಂದು ಕೋಣೆ ಮೊದಲಿನಿಂದ ಇದೆ, ಆದರೆ ಅಂಗಡಿಯ ಸಿ.ಡಿ.ಗಳಿಂದ ಬಂದ ಫೈಲುಗಳಲ್ಲಿ ಅದು ಸಾಮಾನ್ಯವಾಗಿ ಖಾಲಿ. ಅದನ್ನು ತುಂಬುವ ಕೆಲಸವನ್ನು ಮಗಳು ವಹಿಸಿಕೊಂಡಿದ್ದಾಳೆ. ವಚನ, ದಾಸರ ಪದಗಳಿಗೂ ಅವಳದೇ ಕೈ. ಅಕ್ಕಮಹಾದೇವಿ ಒಂದು ಕೋಣೆಯಲ್ಲಿ, ಮನ್ಸೂರರು ಇನ್ನೊಂದು ಕೋಣೆಯಲ್ಲಿ, ರಾಗ ಮತ್ತೊಂದರಲ್ಲಿ. ಹನ್ನೆರಡನೆಯ ಶತಮಾನದವರೊಬ್ಬರು, ಇಪ್ಪತ್ತನೆಯ ಶತಮಾನದವರೊಬ್ಬರು ಒಂದೇ ಫೈಲಿನಲ್ಲಿ ಹೀಗೆ ಸರಿಯಾಗಿ ಕೂರುವುದನ್ನು ನೋಡಿದರೆ ಮನಸ್ಸು ತುಂಬುತ್ತದೆ.

ಕೇಳುವ ಬಗೆಯ ಬಗ್ಗೆ ಎರಡು ಸಂಗತಿಗಳನ್ನು ಹೇಳಲೇಬೇಕು. ಸಿ.ಡಿ.ಗಳಲ್ಲಿ ವಿಲಂಬಿತದ, ಅಂದರೆ ನಿಧಾನಗತಿಯ, ಬಡಾ ಖ್ಯಾಲ್ ಒಂದು ಟ್ರ್ಯಾಕ್, ದ್ರುತದ, ಅಂದರೆ ವೇಗದ, ಛೋಟಾ ಖ್ಯಾಲ್ ಇನ್ನೊಂದು ಟ್ರ್ಯಾಕ್ ಆಗಿರುವುದುಂಟು. ಯಾದೃಚ್ಛಿಕವಾಗಿ ಹಾಡು ಆರಿಸುವ ಷಫಲ್ ಒತ್ತಿದರೆ ಒಬ್ಬರ ವಿಲಂಬಿತದ ಬೆನ್ನಿಗೆ ಮತ್ತೊಬ್ಬರ ದ್ರುತ ಬಂದು ಬೀಳುತ್ತದೆ. ಅಂಥವುಗಳನ್ನು ನಾವು ಕೂಡಿಸಿ ಒಂದೇ ಫೈಲು ಮಾಡಿದ್ದೇವೆ. ಎರಡನೆಯದು ಧ್ವನಿಯ ಏರಿಳಿತ. ಎಲ್ಲ ಫೈಲುಗಳನ್ನೂ ಒಂದೇ ಗಟ್ಟಿತನಕ್ಕೆ ತರುವ ರೀಪ್ಲೇಗೇನ್ ಎಂಬ ವ್ಯವಸ್ಥೆ ಇದೆ. ಅದನ್ನು ಟ್ರ್ಯಾಕ್ ಲೆಕ್ಕದಲ್ಲಿ ಬಳಸಿದರೆ, ಬೇರೆ ಬೇರೆ ಟ್ರ್ಯಾಕುಗಳಾಗಿಯೇ ಉಳಿದ ಗಾಯನದಲ್ಲಿ ಮೆಲುದನಿಯ ಆರಂಭದ ಟ್ರ್ಯಾಕನ್ನು ಮೇಲಕ್ಕೆತ್ತಿ, ತಾನುಗಳು (ವೇಗದ ಸ್ವರಗುಚ್ಛಗಳು) ತುಂಬಿದ ಟ್ರ್ಯಾಕನ್ನು ಕೆಳಕ್ಕೆ ತಳ್ಳಿ, ಗಾಯಕರು ಒಂದು ಗಂಟೆ ಕಟ್ಟಿದ ಏರನ್ನು ಸಪಾಟು ಮಾಡುತ್ತದೆ. ಇಡೀ ಆಲ್ಬಮ್ಮಿನ ಲೆಕ್ಕದಲ್ಲಿ ಬಳಸಿದರೆ ಒಳಗಿನ ಸಂಬಂಧ ಕೆಡುವುದಿಲ್ಲ. ಸಂಗೀತದ ಮನೆಯಲ್ಲಿ ಇದನ್ನು ಮಾತ್ರ ಬಳಸಬೇಕು.

ಒಂದೇ ಕಡೆ ಇಟ್ಟದ್ದು ಒಂದೇ ಏಟಿಗೆ ಹೋಗಲೂಬಹುದು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ತಮ್ಮನ ಮನೆಯಲ್ಲಿ ಇನ್ನೊಂದು ಡಿಸ್ಕಿದೆ. ಅವನು ಹಬ್ಬಕ್ಕೋ ಹರಿದಿನಕ್ಕೋ ಧಾರವಾಡಕ್ಕೆ ಬಂದಾಗ ಅದನ್ನು ತಂದು ಹೊಸದನ್ನು ತುಂಬಿಕೊಂಡು ಹೋಗುತ್ತಾನೆ. ಎರಡನ್ನೂ ಸದಾ ಜೋಡಿಸಿ ತಾನಾಗಿ ಸರಿಹೊಂದಿಸುವ ವ್ಯವಸ್ಥೆ ಮಾಡಬಹುದಿತ್ತು. ಮಾಡಲಿಲ್ಲ, ಏಕೆಂದರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಸಿಹೋಗುತ್ತದೆ. ಡಿಸ್ಕು ಬಂದಾಗ ಮೊದಲು ಫ್ಲಾಕ್ ಫೈಲುಗಳ ಪರೀಕ್ಷೆ ನಡೆಯುತ್ತದೆ. ಪ್ರತಿ ಫ್ಲಾಕ್‌ನ ತಲೆಭಾಗದಲ್ಲಿ ಮೂಲ ಧ್ವನಿಯಿಂದ ಲೆಕ್ಕ ಹಾಕಿದ ಎಂಡಿ5 ಎಂಬ ಗುರುತು ಬರೆದಿರುತ್ತದೆ. ಕಾಲಕ್ರಮದಲ್ಲಿ ಡಿಸ್ಕಿನ ಯಾವುದೋ ಮೂಲೆ ಕೆಟ್ಟು ಧ್ವನಿಯಲ್ಲಿ ಒಂದಿಷ್ಟು ವ್ಯತ್ಯಾಸವಾದರೂ ಗುರುತು ತಾಳೆಯಾಗುವುದಿಲ್ಲ, ಕೂಡಲೇ ಗೊತ್ತಾಗುತ್ತದೆ.

ಇಷ್ಟೆಲ್ಲ ಏಕೆ, ತಿಂಗಳಿಗೆ ಇಷ್ಟು ಹಣ ಕಟ್ಟಿದರೆ ಎಲ್ಲ ಸಂಗೀತವೂ ಮೊಬೈಲಿಗೇ ಬರುತ್ತದಲ್ಲ ಎಂದು ಮಗಳ ಗೆಳತಿಯರು ಕೇಳುತ್ತಾರೆ. ಅಲ್ಲಿ ಇರುವುದು ಅಪಾರ, ನಾವೂ ಕೇಳುತ್ತೇವೆ. ಆದರೆ ಗುಡುಗಿನ ರಾತ್ರಿ ಕಾಕಾ ಹಿಡಿದಿಟ್ಟ ಮುದ್ರಣ ಅಲ್ಲಿಲ್ಲ, ಇಂದು ಇರುವುದು ನಾಳೆಯೂ ಅಲ್ಲಿರುತ್ತದೆಂಬ ಭರವಸೆಯೂ ಇಲ್ಲ. ಇನ್ನು ಕೆಲವರು ನಮ್ಮ ಸಂಗ್ರಹವನ್ನು ಇಂಟರ್‌ನೆಟ್ಟಿಗೇ ಬಿಡಿ ಎಂದು ಪ್ರೀತಿಯಿಂದ ಒತ್ತಾಯಿಸುತ್ತಾರೆ. ನಮ್ಮ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕುಸ್ವಾಮ್ಯ ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಹಾಡಿದವರ, ಪ್ರಸಾರ ಮಾಡಿದವರ ಹಕ್ಕುಗಳು ಬೇರೆ. ಮನೆಯೊಳಗೆ ಕೇಳುವುದು ಒಂದು, ಲೋಕಕ್ಕೆ ಹಂಚುವುದು ಇನ್ನೊಂದು. ಕೇಳಬೇಕೆಂದವರು ನಮ್ಮ ಪಡಸಾಲೆಗೆ ಬಂದು ಕುಳಿತು ಕೇಳಲಿ, ಚಹಾ ಕೊಡುತ್ತೇವೆ.

ಸದ್ಯ ಮನೆಯಲ್ಲಿ ನಡೆದಿರುವ ವಾದ ಒಂದು ಕ್ಯಾಸೆಟ್ಟಿನದು. ಚೀಟಿ ಇಲ್ಲ, ಉದ್ಘೋಷಣೆ ಇಲ್ಲ, ಗಾಯನ ನಡುವಿನಿಂದ ಶುರುವಾಗುತ್ತದೆ. ಬಿಲಾವಲ್ ಪ್ರಕಾರ ಎಂಬುದರಲ್ಲಿ ಎಲ್ಲರಿಗೂ ಒಮ್ಮತ. ಕಾಕಾ ಅದನ್ನು ದೇವಗಿರಿ ಬಿಲಾವಲ್ ಎನ್ನುತ್ತಾನೆ. ಅವ್ವ ಯಮನಿ ಬಿಲಾವಲ್ ಎನ್ನುತ್ತಾಳೆ. ಇಡೀ ವ್ಯಾಜ್ಯ ನಿಂತಿರುವುದು ಒಂದು ತಾನಿನಲ್ಲಿ ತೀವ್ರ ಮಧ್ಯಮ, ಅಂದರೆ ಏರಿದ ‘ಮ’ ಸ್ವರ, ತಾಗುತ್ತದೆಯೇ ಇಲ್ಲವೇ ಎಂಬುದರ ಮೇಲೆ, ಮತ್ತು ಟೇಪು ಸವೆದಿರುವುದು ಸರಿಯಾಗಿ ಅದೇ ಜಾಗದಲ್ಲಿ. ಹೆಡ್‌ಫೋನ್ ಹಾಕಿಕೊಂಡು, ವೇಗ ಅರ್ಧಕ್ಕೆ ಇಳಿಸಿ ಕೇಳಿಸಿದೆ. ಇಬ್ಬರೂ ತಮ್ಮ ತಮ್ಮ ಮಾತನ್ನು ಬಿಡಲಿಲ್ಲ. ಫ್ಲಾಕ್‌ನಲ್ಲಿ ಒಂದೇ ಹೆಸರಿನ ಕೋಣೆಯನ್ನು ಎರಡು ಸಲ ಬರೆಯಲು ಅವಕಾಶವಿದೆ. ರಾಗದ ಕೋಣೆಯಲ್ಲಿ ಎರಡೂ ಹೆಸರುಗಳನ್ನು ಬರೆದಿದ್ದೇನೆ, ಟಿಪ್ಪಣಿಯಲ್ಲಿ ಯಾರು ಏನೆಂದರು ಎಂಬುದನ್ನೂ. ಈಗ ಅದು ದೇವಗಿರಿ ಹುಡುಕಿದರೂ ಸಿಗುತ್ತದೆ, ಯಮನಿ ಹುಡುಕಿದರೂ ಸಿಗುತ್ತದೆ. ಮುಂದಿನ ಸಲ ತಮ್ಮ ಬಂದಾಗ ಅವನಿಗೆ ಪರಿಚಯದ ಸಂಗೀತ ಮಾಸ್ತರರೊಬ್ಬರನ್ನು ಕರೆತರುತ್ತೇನೆ ಎಂದಿದ್ದಾನೆ.